ಸೋರುವ ಟೆರೇಸಿಗೆ ಡಾಂಬರ್ ಶೀಟು ಹಾಕಿಸಬಹುದೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಮನೆ ಹುಬ್ಬಳ್ಳಿಯ ನವನಗರದಲ್ಲಿ, ಕಟ್ಟಿ 24 ವರ್ಷ ಆಯಿತು. ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ಇಟ್ಟಂಗಿ ಚೂರಿನ ಕೋಬಾ (ನೀರು ಇಳಿದು ಹೋಗಲೆಂದು ಇಟ್ಟಂಗಿ ಚೂರು, ಸಿಮೆಂಟಿನಿಂದ ಹಾಕಿದ ದಪ್ಪ ಪದರ). ಟೆರೇಸು ಸುಮಾರು 1,100 ಚದರ ಅಡಿ. ಮೂರು ಮಳೆಗಾಲದಿಂದ ದೇವರ ಮನೆ ಮತ್ತು ಹಿಂದಿನ ಕೋಣೆ ಸೋರುತ್ತಿವೆ. ಎರಡು ವರ್ಷದ ಹಿಂದೆ ಬಿಳಿ ಕೋಟಿಂಗ್ ಬಳಿಸಿದೆ. ಹತ್ತು ವರ್ಷ ಗ್ಯಾರಂಟಿ ಅಂದಿದ್ದರು, ಒಂದೇ ಮಳೆಗಾಲ ತಡೆಯಿತು. ಈಗ ಮಳೆ ನಿಂತು ಎರಡು ಮೂರು ದಿನ ಆದ ಮೇಲೂ ಹನಿ ಬೀಳುತ್ತದೆ. ಒಬ್ಬ ಕಾಂಟ್ರ್ಯಾಕ್ಟರು ‘3 ಎಂಎಂ ಡಾಂಬರ್ ಶೀಟು ಸುಟ್ಟು ಅಂಟಿಸುತ್ತೇವೆ, ಎರಡೇ ದಿನದ ಕೆಲಸ, ಹತ್ತು ರೋಲ್ ಸಾಕು’ ಅನ್ನುತ್ತಾರೆ. ಇನ್ನೊಬ್ಬರು ಕೋಬಾ ಪೂರ್ತಿ ಒಡೆಯಬೇಕು ಅನ್ನುತ್ತಾರೆ. ಶೀಟು ಹಾಕಿದರೆ ಬೇಸಿಗೆಯಲ್ಲಿ ಮನೆ ಕಾದ ಹಂಚಾಗುತ್ತದೆ ಎಂದು ಅಳಿಯಂದಿರ ಅಭಿಪ್ರಾಯ. ಗ್ಯಾಸಿನ ಬೆಂಕಿಗೆ ಸ್ಲ್ಯಾಬು ಬಿರುಕು ಬಿಡುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ನಮ್ಮ ಮನೆಯವರಿಗೆ ಹಪ್ಪಳ, ಶಾವಿಗೆ, ಮೆಣಸಿನಕಾಯಿ ಒಣಹಾಕಲು ಟೆರೇಸು ಬೇಕೇ ಬೇಕು. ಏನು ಮಾಡಲಿ?

ಉತ್ತರ: ಮಾಸ್ತರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನನ್ನ ಕಣ್ಣು ನಿಂತಿದ್ದು ಒಂದು ಸಾಲಿನ ಮೇಲೆ: ಮಳೆ ನಿಂತು ಎರಡು ಮೂರು ದಿನ ಆದ ಮೇಲೂ ಹನಿ ಬೀಳುತ್ತದೆ ಅಂದಿರಲ್ಲ, ಅದು. ಶೀಟು ಹಾಕಬೇಕೋ ಬೇಡವೋ, ಹಾಕಿದರೆ ಯಾವಾಗ, ಎಲ್ಲದಕ್ಕೂ ಉತ್ತರ ಅಲ್ಲಿದೆ.

ಸ್ಲ್ಯಾಬಿನಲ್ಲಿ ಬರೀ ಬಿರುಕು ಇದ್ದರೆ ಮಳೆ ಬಂದಾಗ ಸೋರುತ್ತದೆ, ಮಳೆ ನಿಂತ ಕೆಲ ಗಂಟೆಯಲ್ಲಿ ಸೋರುವುದೂ ನಿಲ್ಲುತ್ತದೆ. ಮಳೆ ಹೋಗಿ ಮೂರು ದಿನ ಆದರೂ ತೊಟ್ಟಿಕ್ಕುತ್ತಿದೆ ಅಂದರೆ ಮೇಲೆ ಎಲ್ಲೋ ನೀರು ಕೂತಿದೆ. ನಿಮ್ಮಲ್ಲಿ ಅದು ಕೂತಿರುವುದು ಬಹುತೇಕ ಕೋಬಾದೊಳಗೆ. ಇಟ್ಟಂಗಿ ಚೂರು ನೀರು ಕುಡಿಯುತ್ತದೆ, ಚೂರುಗಳ ನಡುವಿನ ಸಂದಿಯಲ್ಲೂ ನೀರು ತುಂಬಿಕೊಳ್ಳುತ್ತದೆ. ಒಮ್ಮೆ ಒಳಗೆ ಹೋದ ನೀರು ಸಿಕ್ಕ ದಾರಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ದೇವರ ಮನೆ ಮೇಲೆ ಹನಿ ಬೀಳುತ್ತಿದೆ ಎಂದು ಟೆರೇಸಿನಲ್ಲಿ ಸರಿಯಾಗಿ ಅದರ ನೆತ್ತಿಯ ಮೇಲೇ ತೂತು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ನೀರು ಹತ್ತು ಹದಿನೈದು ಅಡಿ ದೂರದಲ್ಲಿ ಒಳಗೆ ಹೊಕ್ಕು ಕೋಬಾದ ಕೆಳಗೆ ಹರಿದು ಬಂದಿರಬಹುದು.

ಹಾಗಂತ ಈಗಲೇ ಒಡೆಸಲು ಹೋಗಬೇಡಿ. ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಬೇಸಿಗೆಯಲ್ಲಿ, ಏಪ್ರಿಲ್ ತಿಂಗಳಲ್ಲೂ ಆ ಎರಡು ಕೋಣೆಗಳಲ್ಲಿ ತೇವ ಹಾಗೇ ಇತ್ತಾ? ಇತ್ತು ಅಂದರೆ ತಪ್ಪು ಮಳೆಯದ್ದಲ್ಲ. ನೀರಿನ ಟ್ಯಾಂಕಿನದ್ದೋ ಸೋಲಾರ್ ಪೈಪಿನದ್ದೋ ಜಾಯಿಂಟ್ ಸೋರುತ್ತಿರುತ್ತದೆ. ಇಂಥ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಟೆರೇಸಿಗೆ ದುಡ್ಡು ಸುರಿದು ಆದ ಮೇಲೆ, ಟ್ಯಾಂಕಿನ ಕೆಳಗಿನ ಒಂದು ಸವೆದ ವಾಷರ್ ಸಿಕ್ಕಿತು ಅನ್ನುವ ಹಾಗಾಗುತ್ತದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿತ್ತು ಅಂದರೆ ಮುಂದೆ ಓದಿ.

ಈಗ ಈ ಶೀಟು ಏನು ಅಂತ ಹೇಳಿಬಿಡುತ್ತೇನೆ. ರಸ್ತೆಗೆ ಹಾಕುವ ಡಾಂಬರು 50 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಕಪ್ಪು ಟೆರೇಸಿನ ಮೈ 60, 65 ಡಿಗ್ರಿ ಮುಟ್ಟುತ್ತದೆ. ಹಾಗಾಗಿ ಬರೀ ಡಾಂಬರು ಸುರಿದರೆ ಬೇಸಿಗೆಯಲ್ಲಿ ಹರಿಯುತ್ತದೆ, ಚಳಿಗಾಲದಲ್ಲಿ ಸೀಳುತ್ತದೆ. 1960ರ ದಶಕದಲ್ಲಿ ಯುರೋಪಿನವರು ಡಾಂಬರಿಗೆ ಒಂದು ಜಾತಿಯ ಪ್ಲಾಸ್ಟಿಕ್ ಬೆರೆಸಿ ಈ ಗುಣ ಬದಲಾಯಿಸಿದರು. ಎಪಿಪಿ ಅನ್ನುವ ಪ್ಲಾಸ್ಟಿಕ್ ಬೆರೆಸಿದ್ದು ಮೆತ್ತಗಾಗಲು ಹೆಚ್ಚೂಕಡಿಮೆ 150 ಡಿಗ್ರಿ ಬೇಕು. ಎಸ್‌ಬಿಎಸ್ ಎಂಬ ರಬ್ಬರಿನಂಥದ್ದು ಬೆರೆಸಿದ್ದು ಚೆನ್ನಾಗಿ ಹಿಗ್ಗುತ್ತದೆ, ಹಿಮ ಬೀಳುವ ಊರುಗಳಿಗೆ ಅದು ಒಳ್ಳೆಯದು. ನಮ್ಮ ಕಡೆ ಬಿಸಿಲಿಗೆ ಎಪಿಪಿ. ರೋಲು 1 ಮೀಟರ್ ಅಗಲ, 10 ಮೀಟರ್ ಉದ್ದ ಇರುತ್ತದೆ. 4 ಎಂಎಂ ರೋಲು ಒಂದಕ್ಕೆ ಸುಮಾರು 40 ಕೆಜಿ ತೂಕ.

ರೋಲಿನ ಹೊಟ್ಟೆಯಲ್ಲಿ ಒಂದು ಬಟ್ಟೆ ಇರುತ್ತದೆ, ಅದನ್ನು ಕೇಳಿ ತೆಗೆದುಕೊಳ್ಳಬೇಕು. ಪಾಲಿಯೆಸ್ಟರ್ ಬಟ್ಟೆ ಇದ್ದರೆ ಶೀಟು ಎಳೆದರೆ ಹಿಗ್ಗುತ್ತದೆ. ಫೈಬರ್ ಗ್ಲಾಸ್ ಇದ್ದರೆ ಹಿಗ್ಗುವುದಿಲ್ಲ, ಕೆಳಗೆ ಬಿರುಕು ಬಾಯಿ ತೆರೆದ ದಿನ ಮೇಲಿನ ಶೀಟೂ ಸೀಳುತ್ತದೆ. ಲೆಕ್ಕ ನೋಡಿ: 10 ಮೀಟರ್ ಉದ್ದದ ಸ್ಲ್ಯಾಬು 30 ಡಿಗ್ರಿ ಬಿಸಿಯಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ತಣ್ಣಗಾದಾಗ ಮತ್ತೆ ಕುಗ್ಗುತ್ತದೆ, ಬೇಸಿಗೆಯಲ್ಲಿ ಇದು ದಿನಾ ನಡೆಯುವ ಕೆಲಸ. ಅದರ ಜೊತೆ ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಬಹಳ ಮನೆಗಳು ನಿಂತಿರುವುದು ಎರೆ ಮಣ್ಣಿನ ಮೇಲೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯಿ ಬಿಡುವ ಭೂಮಿ ಅದು, ಪಾಯ ಸರಿಯಾಗಿ ಹಾಕಿರದಿದ್ದರೆ ಗೋಡೆಯೂ ಅಲುಗುತ್ತದೆ. ನಿಮ್ಮ ಬಿಳಿ ಕೋಟಿಂಗ್ ಒಂದೇ ವರ್ಷಕ್ಕೆ ಹೋಯಿತಲ್ಲ, ಅದಕ್ಕೆ ಈ ಚಲನೆ ಒಂದು ಕಾರಣ. ಇನ್ನೊಂದು, ಅಂಥ ಸಾದಾ ಅಕ್ರಿಲಿಕ್ ಕೋಟಿಂಗು ನಿಂತ ನೀರಿನಲ್ಲಿ ದಿನಗಟ್ಟಲೆ ನೆನೆದರೆ ಮೆತ್ತಗಾಗಿ ಸಿಪ್ಪೆ ಏಳುತ್ತದೆ. ನಿಮ್ಮ ಟೆರೇಸಿನ ಇಳಿಜಾರು ಸರಿ ಇಲ್ಲ ಅಂತ ನನಗೆ ಅನುಮಾನ.

ಅಳಿಯಂದಿರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕಪ್ಪು ಶೀಟನ್ನು ಹಾಗೇ ಬಿಟ್ಟರೆ ಬಿಸಿಲು ಹೀರುತ್ತದೆ. 4 ಎಂಎಂ ಶೀಟು ಶಾಖ ತಡೆಯುವುದೂ ಇಲ್ಲ. ಆದರೆ ಕಪ್ಪು ಮೈಯೇ ಬೇಕು ಅಂತ ಯಾರು ಹೇಳಿದ್ದಾರೆ? ತಿಳಿ ಬಣ್ಣದ ಕಲ್ಲಿನ ಹರಳು ಅಂಟಿಸಿದ ಶೀಟು ಸಿಗುತ್ತದೆ, ಅಲ್ಯೂಮಿನಿಯಂ ಹಾಳೆ ಇರುವುದೂ ಸಿಗುತ್ತದೆ. ಪಕ್ಕದ ಮನೆಯವರ ಮಾತಿಗೆ ಹೆದರಬೇಡಿ. ಬೆಂಕಿ ತೋರಿಸುವುದು ರೋಲಿನ ಕೆಳಮೈಗೆ, ಅದೂ ಒಂದೊಂದು ಜಾಗದಲ್ಲಿ ಕೆಲವೇ ಸೆಕೆಂಡು. ಅದರಿಂದ ಗಟ್ಟಿ ಸ್ಲ್ಯಾಬು ಬಿರುಕು ಬಿಡುವುದಿಲ್ಲ. ಅಪಾಯ ಬೇರೆ ಕಡೆ ಇದೆ, ಮುಂದೆ ಹೇಳುತ್ತೇನೆ.

‘ಶೀಟು ಹಾಕಿದರೆ ಸ್ಲ್ಯಾಬಿಗೆ ಬಲ ಬರುತ್ತದೆ’ ಅಂತ ಯಾರಾದರೂ ಹೇಳಿದರೆ ಅದು ಮಾತ್ರ ಶುದ್ಧ ಸುಳ್ಳು. ಕೋಣೆಯ ಒಳಗೆ ನಿಂತು ಸ್ಲ್ಯಾಬಿನ ಕೆಳಮೈ ನೋಡಿ. ಗಿಲಾವು ಉದುರಿ ತುಕ್ಕು ಹಿಡಿದ ಸಳಿ ಕಾಣುತ್ತಿದ್ದರೆ ಶೀಟಿನ ಮಾತು ಪಕ್ಕಕ್ಕಿಟ್ಟು ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಈಗ ಮುಖ್ಯ ವಿಷಯ. ಒದ್ದೆ ಕೋಬಾದ ಮೇಲೆ ಶೀಟು ಅಂಟಿಸಿದರೆ ಏನಾಗುತ್ತದೆ ಅಂತ ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಗದಗ ಕಡೆ ಒಂದು ಮನೆ. ಫೆಬ್ರುವರಿಯಲ್ಲಿ ಮದುವೆ ಇಟ್ಟುಕೊಂಡಿದ್ದರು, ಜನವರಿಯಲ್ಲಿ ಇಳಿಜಾರಿಗೆಂದು ಹೊಸದಾಗಿ ಸಿಮೆಂಟ್ ಹಾಕಿ ಹತ್ತನೇ ದಿನಕ್ಕೇ ಶೀಟು ಅಂಟಿಸಿದೆವು. ಮೇಲೆ ಒಣಗಿದಂತೆ ಕಂಡಿತ್ತು, ಮನೆಯವರು ಅವಸರ ಮಾಡಿದರು, ಬೇಡ ಅನ್ನಬೇಕಾದ ನಾನು ಹೂಂ ಅಂದೆ. ಏಪ್ರಿಲ್‌ನಲ್ಲಿ ಫೋನ್ ಬಂತು. ಹೋಗಿ ನೋಡಿದರೆ ಟೆರೇಸಿನ ತುಂಬ ಗುಳ್ಳೆ. ಕೆಲವು ಅಂಗೈ ಅಗಲ, ಒಂದು ಊಟದ ತಾಟಿನಷ್ಟು. ಕಾಲಿಟ್ಟರೆ ಒಳಗೆ ಗಾಳಿ ಸರಿದಾಡುತ್ತಿತ್ತು. ದೊಡ್ಡದನ್ನು ಚಾಕುವಿನಿಂದ ಅಡ್ಡ ಕೊಯ್ದೆ, ಬಿಸಿ ಹಬೆ ಮುಖಕ್ಕೆ ಬಂತು. ಕೆಳಗಿನ ಸಿಮೆಂಟು ಆಗಷ್ಟೇ ನೀರು ಚಿಮುಕಿಸಿದ ಹಾಗೆ ಕಪ್ಪಗೆ ಒದ್ದೆಯಾಗಿತ್ತು. ಶೀಟು ಒಳ್ಳೆಯದೇ, ಅಂಟಿಸಿದ ಹುಡುಗರೂ ಪಳಗಿದವರೇ. ತಪ್ಪು ನನ್ನದು. ಕೆಳಗೆ ಸಿಕ್ಕಿಬಿದ್ದ ನೀರು ಬಿಸಿಲಿಗೆ ಆವಿಯಾಗಿ ಹೊರಗೆ ಹೋಗಲು ದಾರಿ ಕಾಣದೆ ಶೀಟನ್ನೇ ಎತ್ತಿತ್ತು. ಅಷ್ಟನ್ನೂ ಕಿತ್ತು ಮತ್ತೆ ಹಾಕಿಕೊಟ್ಟೆವು.

ಆದ್ದರಿಂದ ನಿಮ್ಮ ಮೊದಲ ಕಾಂಟ್ರ್ಯಾಕ್ಟರ್ ಹೇಳಿದಂತೆ ಈಗ, ಈ ಮಳೆಗಾಲದಲ್ಲಿ, ಇದ್ದ ಕೋಬಾದ ಮೇಲೆ, ಬಿಳಿ ಕೋಟಿಂಗಿನ ಮೇಲೆ ಶೀಟು ಸುಟ್ಟು ಅಂಟಿಸುವುದು ಬೇಡವೇ ಬೇಡ. ಕೋಟಿಂಗಿನ ಮೇಲೆ ಡಾಂಬರು ಹಿಡಿಯುವುದಿಲ್ಲ, ಬೆಂಕಿ ತಾಗಿದರೆ ಅದು ಕರಕಲಾಗಿ ಪದರ ಬಿಡುತ್ತದೆ. ಅದನ್ನು ಗ್ರೈಂಡರಿನಲ್ಲಿ ಉಜ್ಜಿ ತೆಗೆಯಲೇಬೇಕು.

ಕೋಬಾ ಒಡೆಯಬೇಕಾ ಅನ್ನುವುದನ್ನು ಯಾರ ಬಾಯಿಮಾತಿನ ಮೇಲೂ ತೀರ್ಮಾನ ಮಾಡಬೇಡಿ. ಮಳೆ ಪೂರ್ತಿ ಹೋಗಲಿ. ದೀಪಾವಳಿ ಕಳೆದು ಎರಡು ಮೂರು ವಾರ ಒಳ್ಳೆ ಬಿಸಿಲು ಬಿದ್ದ ಮೇಲೆ ಮೂರು ಕೆಲಸ ಮಾಡಿ. ಒಂದು, ಸುತ್ತಿಗೆಯ ಹಿಡಿಕೆಯಿಂದ ಟೆರೇಸನ್ನು ಅಡಿಗೊಮ್ಮೆ ಕುಟ್ಟುತ್ತ ಹೋಗಿ, ಎಲ್ಲೆಲ್ಲಿ ಡಬಡಬ ಅನ್ನುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಎರಡನೆಯದು, ಮೂರು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಅಂಟಿಸಿ ಒಂದು ದಿನ ಒಂದು ರಾತ್ರಿ ಬಿಡಿ. ಬೆಳಗ್ಗೆ ಹಾಳೆಯ ಕೆಳಮೈಯಲ್ಲಿ ಬೆವರಿನ ಹನಿ ಕಂಡರೆ ಒಳಗಿನ್ನೂ ತೇವ ಇದೆ. ಮೂರನೆಯದು, ದೇವರ ಮನೆ ಮೇಲೆ ಒಂದಡಿ ಚೌಕ ಕೋಬಾವನ್ನು ಉಳಿಯಿಂದ ಸ್ಲ್ಯಾಬಿನ ತನಕ ಬಿಡಿಸಿ ನೋಡಿ. ಇಟ್ಟಂಗಿ ಚೂರು ಕೈಗೆ ತಣ್ಣಗೆ ಹತ್ತಿದರೆ, ಕಡುಗೆಂಪಾಗಿ ಕಂಡರೆ ಅನುಮಾನವೇ ಬೇಡ. ಕೋಬಾದ ಒಳಗೆ ನೀರಿದೆ.

ಅಲ್ಲಲ್ಲಿ ಮಾತ್ರ ಟೊಳ್ಳು, ಉಳಿದದ್ದು ಗಟ್ಟಿ ಮತ್ತು ಒಣಗಿದೆ ಅಂದರೆ ಕೋಬಾ ಉಳಿಸಿ. ಟೊಳ್ಳು ಜಾಗ ಕಿತ್ತು ರಿಪೇರಿ ಮಾಡಿ, ಇಳಿಜಾರು ಸರಿಪಡಿಸಿ, ಅದರ ಮೇಲೆ ಶೀಟು ಹಾಕಿಸಿ. ಇದರಲ್ಲಿ ಉಳಿಯುವ ಅಪಾಯ ಏನಪ್ಪಾ ಅಂದರೆ, ಎಲ್ಲೋ ಸ್ವಲ್ಪ ತೇವ ಉಳಿದು ಒಂದೆರಡು ಗುಳ್ಳೆ ಏಳಬಹುದು. ಆವಿ ಹೊರಗೆ ಹೋಗಲು ಟೋಪಿಯಂಥ ಸಣ್ಣ ಕೊಳವೆಗಳು ಸಿಗುತ್ತವೆ, ಅನುಮಾನ ಇರುವ ಕಡೆ ಅವನ್ನು ಹಾಕಿಸಬಹುದು. ಅರ್ಧಕ್ಕಿಂತ ಜಾಸ್ತಿ ಟೊಳ್ಳು, ಒಳಗೆ ನೀರು ಅಂದರೆ ನಿಮ್ಮ ಎರಡನೇ ಕಾಂಟ್ರ್ಯಾಕ್ಟರು ಹೇಳಿದ್ದೇ ಸರಿ, ತೆಗೆಯಬೇಕು. ಖರ್ಚು ಜಾಸ್ತಿ, ಧೂಳು, ಗದ್ದಲ, ಎಲ್ಲಾ ನಿಜ. ಆದರೆ ಸರಾಸರಿ 4 ಇಂಚು ದಪ್ಪ ಹಿಡಿದರೂ ನಿಮ್ಮ ಟೆರೇಸಿನ ಮೇಲೆ 10 ಘನ ಮೀಟರ್ ಕೋಬಾ ಇದೆ. ಅಂದರೆ ಹದಿನೆಂಟು ಇಪ್ಪತ್ತು ಟನ್ ಭಾರ ನಿಮ್ಮ 24 ವರ್ಷದ ಸ್ಲ್ಯಾಬಿನ ಮೇಲಿಂದ ಇಳಿಯುತ್ತದೆ. ಒಡೆಯುವಾಗ ಸುತ್ತಿಗೆ, ಉಳಿ ಬಳಸಲಿ. ದೊಡ್ಡ ಬ್ರೇಕರ್ ಮಷಿನ್ ಸ್ಲ್ಯಾಬನ್ನೇ ಅದುರಿಸುತ್ತದೆ. ಒಡೆದ ಚೂರನ್ನು ಟೆರೇಸಿನ ನಡುವೆ ಒಂದೇ ಕಡೆ ಗುಡ್ಡೆ ಹಾಕಲು ಬಿಡಬೇಡಿ.

ಶೀಟೇ ಬೇಡ ಅನ್ನುವವರಿಗೂ ದಾರಿ ಇದೆ. ಪಾಲಿಯುರೆಥೇನ್ ಅನ್ನುವ ದ್ರವದ ಕೋಟಿಂಗು ನಿಮ್ಮ ಹಳೇ ಬಿಳಿ ಕೋಟಿಂಗಿಗಿಂತ ಬಹಳ ಗಟ್ಟಿ, ಜಾಯಿಂಟೇ ಇರುವುದಿಲ್ಲ. ಪೈಪು, ಮೂಲೆ, ಮುರುಕು ಜಾಸ್ತಿ ಇರುವ ಟೆರೇಸಿಗೆ ನಾನೇ ಅದನ್ನು ಹೇಳುತ್ತೇನೆ. ಆದರೆ ಬಳಿಯುವವನ ಕೈ ಮೇಲೆ ಎಲ್ಲಾ ನಿಂತಿದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ತೆಳುವಿದ್ದಲ್ಲಿ ಹೋಗುತ್ತದೆ, ತೇವದ ತೊಂದರೆ ಅದಕ್ಕೂ ಇದೆ. ಮೇಲೆ ಪತ್ರಾಸಿನ ಶೆಡ್ ಹೊಡೆಸಿದರೆ ಮಳೆಯೂ ನಿಲ್ಲುತ್ತದೆ, ಕೆಳಗೆ ನೆರಳೂ ಆಗುತ್ತದೆ. ಮೇ ತಿಂಗಳ ಗಾಳಿ ಮಳೆಗೆ ಹಾರದಂತೆ ಕಟ್ಟಬೇಕು, ಮಹಾನಗರ ಪಾಲಿಕೆಯಲ್ಲಿ ಕೇಳಿ ಮಾಡಬೇಕು.

ನಿಮ್ಮ ಕೇಸಿನಲ್ಲಿ, ಒಣಗಿದ ತಳ ಸಿಕ್ಕರೆ, ನನ್ನ ಮತ 4 ಎಂಎಂ ಪಾಲಿಯೆಸ್ಟರ್ ಎಪಿಪಿ ಶೀಟಿಗೆ. 3 ಎಂಎಂ ಯಾಕೆ ಬೇಡ ಅಂದರೆ, ಅಂಟಿಸಲು ಕೆಳಮೈಯ ಒಂದಿಷ್ಟು ಡಾಂಬರನ್ನು ಕರಗಿಸಲೇಬೇಕು. ಗ್ಯಾಸಿನ ಬೆಂಕಿ ಉಗುಳುವ ಗನ್ ಹಿಡಿದವನ ಕೈ ಸ್ವಲ್ಪ ಹೆಚ್ಚು ಹೊತ್ತು ನಿಂತರೆ 3 ಎಂಎಂನಲ್ಲಿ ಬಟ್ಟೆಯೇ ಹೊರಗೆ ಕಾಣುತ್ತದೆ.

ಕೆಲಸ ನಡೆಯುವಾಗ ಒಂದು ಕುರ್ಚಿ ಹಾಕಿಕೊಂಡು ಕೂತು ನೋಡಿ ಮಾಸ್ತರೇ, ಮುಜುಗರ ಬೇಡ. ನಾನು ಇಷ್ಟು ವರ್ಷದಲ್ಲಿ ನೋಡಿದ ಶೀಟು ಹಾಕಿದ ಟೆರೇಸುಗಳಲ್ಲಿ ನಡುವೆ ಸೋರಿದ್ದು ಬಹಳ ಕಡಿಮೆ. ಸೋರುವುದು ಶೀಟು ಮುಗಿಯುವ ಕಡೆ: ಪ್ಯಾರಾಪೆಟ್ ಬುಡ, ಪೈಪಿನ ಸುತ್ತ, ನೀರು ಹೋಗುವ ಬಾಯಿ. ಅಲ್ಲಿ ಕೆಲಸ ನಿಧಾನ, ಕಾಸು ಕಡಿಮೆ, ಅದಕ್ಕೇ ಅವಸರದಲ್ಲಿ ಮುಗಿಸುತ್ತಾರೆ.

ಇಳಿಜಾರು ನೂರಕ್ಕೆ ಒಂದು ಇರಲೇಬೇಕು, ಅಂದರೆ 10 ಅಡಿಗೆ ಒಂದೂಕಾಲು ಇಂಚು. ಹೊಸ ಸಿಮೆಂಟ್ ಹಾಕಿದರೆ ಕ್ಯೂರಿಂಗ್ ಮುಗಿದ ಮೇಲೂ ಮೂರು ನಾಲ್ಕು ವಾರ ಒಣಗಲು ಬಿಡಿ, ಆಮೇಲೆ ಪ್ಲಾಸ್ಟಿಕ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಟೆರೇಸು ಪ್ಯಾರಾಪೆಟ್ ಸೇರುವ ಮೂಲೆಯಲ್ಲಿ ಎರಡು ಇಂಚಿನ ಇಳಿಜಾರು ಗಿಲಾವು ಬೇಕು, ಏಕೆಂದರೆ ಶೀಟು ಲಂಬಕೋನಕ್ಕೆ ಮಡಚಿದರೆ ಹಿಂದೆ ಟೊಳ್ಳು ಉಳಿದು ಕಾಲು ತಾಗಿದ ದಿನ ಹರಿಯುತ್ತದೆ. ಆಮೇಲೆ ಪ್ರೈಮರ್, ಅಂದರೆ ಶೀಟು ಚೆನ್ನಾಗಿ ಹಿಡಿಯಲೆಂದು ತಳಕ್ಕೆ ಬಳಿಯುವ ದ್ರವ. ಬೆರಳಿಟ್ಟರೆ ಅಂಟಬಾರದು, ಅಷ್ಟು ಒಣಗಲು ನಾಲ್ಕೈದು ತಾಸು ಬೇಕು. ಶೀಟು ಹಾಸುವುದು ತಗ್ಗಿನಿಂದ, ನೀರು ಹೋಗುವ ಬಾಯಿಯ ಕಡೆಯಿಂದ ಶುರುವಾಗಬೇಕು. ಹಂಚು ಹೊದಿಸುವ ರೀತಿಯೇ ಇದು: ಮೇಲಿನದು ಕೆಳಗಿನದರ ಮೇಲೆ ಕೂರಬೇಕು, ಹರಿಯುವ ನೀರಿಗೆ ಜಾಯಿಂಟಿನ ಬಾಯಿ ಎದುರಾಗಬಾರದು. ಪಕ್ಕದ ಜೋಡಣೆ 4 ಇಂಚು, ತುದಿಯ ಜೋಡಣೆ 6 ಇಂಚು ಒಂದರ ಮೇಲೊಂದು ಬರಬೇಕು.

ಜೋಡಣೆ ಹಿಡಿದಿದೆಯೋ ಇಲ್ಲವೋ ನೀವೇ ನೋಡಬಹುದು. ಒತ್ತಿದಾಗ ಅಂಚಿನುದ್ದಕ್ಕೂ ಕರಗಿದ ಡಾಂಬರು ಕಡ್ಡಿ ದಪ್ಪ ಹೊರಗೆ ಇಣುಕಬೇಕು, ಸಣ್ಣ ಕಪ್ಪು ದಾರ ಎಳೆದ ಹಾಗೆ. ದಾರ ತುಂಡಾದ ಕಡೆ ಶೀಟು ಹಿಡಿದಿಲ್ಲ. ತಣ್ಣಗಾದ ಮೇಲೆ ಗೌಂಡಿಯ ಕರಣೆಯ ತುದಿಯಿಂದ ಜೋಡಣೆಯನ್ನು ಮೆಲ್ಲಗೆ ಎತ್ತಿ ನೋಡಲಿ, ತುದಿ ಒಳಗೆ ಹೊಕ್ಕರೆ ಅಲ್ಲಿ ಮತ್ತೆ ಸುಡಬೇಕು.

ಪ್ಯಾರಾಪೆಟ್ ಮೇಲೆ ಶೀಟು ಟೆರೇಸಿನ ಮಟ್ಟದಿಂದ ಒಂದಡಿ ಏರಲಿ, 6 ಇಂಚಿಗೆ ಕಡಿಮೆ ಯಾವ ಕಾರಣಕ್ಕೂ ಬೇಡ. ಅದರ ತುದಿ ಗೋಡೆಯಲ್ಲಿ ಕೊರೆದ ಸೀಳಿನೊಳಗೆ ಹೋಗಿ, ಸೀಲಂಟ್ ತುಂಬಿ ಮುಚ್ಚಬೇಕು. ಸುಮ್ನೆ ಗೋಡೆಗೆ ಅಂಟಿಸಿ ಬಿಟ್ಟರೆ ಎರಡನೇ ಬೇಸಿಗೆಗೆ ತುಟಿ ಬಿಚ್ಚುತ್ತದೆ, ಗೋಡೆ ಮೇಲೆ ಇಳಿದ ನೀರು ನೇರ ಶೀಟಿನ ಹಿಂದಕ್ಕೆ. ಪ್ಯಾರಾಪೆಟ್ ತಲೆಯೂ ಬಿರುಕು ಬಿಟ್ಟಿರುತ್ತದೆ, ಅದನ್ನೂ ರಿಪೇರಿ ಮಾಡಿಸಿ, ಇಳಿಜಾರು ಒಳಗಡೆಗೆ ಕೊಡಿಸಿ. ನೀರು ಹೋಗುವ ಬಾಯಿಯ ಸುತ್ತ ಒಂದು ಇಂಚು ತಗ್ಗು ಮಾಡಿ, ಶೀಟು ಪೈಪಿನ ಒಳಗೆ ಇಳಿಯುವ ಹಾಗೆ ಮಡಚಿ ಅಂಟಿಸಬೇಕು. ಸೋಲಾರ್ ಸ್ಟ್ಯಾಂಡಿನ ಕಾಲುಗಳನ್ನು ಸ್ಲ್ಯಾಬಿಗೆ ಬೋಲ್ಟ್ ಹೊಡೆದಿದ್ದರೆ ನಿಮ್ಮ ಸೋರಿಕೆಯ ಅರ್ಧ ಕಾರಣ ಅಲ್ಲೇ ಇರಬಹುದು. ಕಾಲು ಬಿಚ್ಚಿಸಿ, ಶೀಟು ಮುಗಿದ ಮೇಲೆ ಕಾಂಕ್ರೀಟ್ ದಿಮ್ಮಿಗಳಿಗೆ ಬೋಲ್ಟ್ ಮಾಡಿಸಿ. ದಿಮ್ಮಿ ಗಾಳಿಗೆ ಅಲುಗದಷ್ಟು ಭಾರ ಇರಬೇಕು, ಕೆಳಗೆ ಒಂದು ತುಂಡು ಶೀಟು ಜಾಸ್ತಿ ಕೊಡಿ.

ಹತ್ತು ರೋಲ್ ಲೆಕ್ಕ ಹೇಗೂ ಕೂಡುವುದಿಲ್ಲ. 1,100 ಚದರ ಅಡಿ ಅಂದರೆ 102 ಚದರ ಮೀಟರ್. ರೋಲಿನಲ್ಲಿ 10 ಚದರ ಮೀಟರ್ ಇದ್ದರೂ ಜೋಡಣೆಗೆ ಹೋಗಿ ಉಳಿಯುವುದು ಎಂಟೂಮುಕ್ಕಾಲರಷ್ಟು. ಪ್ಯಾರಾಪೆಟ್ ಸುತ್ತಲಿನದು ಇನ್ನೂ 12, 13 ಚದರ ಮೀಟರ್. ಒಟ್ಟು 13 ರೋಲು, ಮೂಲೆ ಪೈಪಿನ ತುಂಡುಗಳಿಗೆ ಹಿಡಿದು 14. ಹತ್ತರಲ್ಲಿ ಮುಗಿಸುತ್ತೇನೆ ಅನ್ನುವವರು ಜೋಡಣೆಯನ್ನು ಕದಿಯುತ್ತಾರೆ, ಇಲ್ಲವೇ ಪ್ಯಾರಾಪೆಟ್ ಬಿಡುತ್ತಾರೆ. ಗ್ಯಾರಂಟಿ ವರ್ಷ ಎಷ್ಟು ಅಂತ ಕೇಳುವ ಮೊದಲು ಇವನ್ನೆಲ್ಲ ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ: ಶೀಟಿನ ದಪ್ಪ, ಒಳಗಿನ ಬಟ್ಟೆ, ರೋಲಿನ ಸಂಖ್ಯೆ, ಜೋಡಣೆಯ ಇಂಚು, ಗೋಡೆ ಏರುವ ಎತ್ತರ.

ಬೆಂಕಿಯ ಮಾತು ಹೇಳುತ್ತೇನೆ ಅಂದಿದ್ದೆ. ಸ್ಲ್ಯಾಬಿಗೆ ಭಯವಿಲ್ಲ, ಪ್ಲಾಸ್ಟಿಕ್ ಟ್ಯಾಂಕು, ಸೋಲಾರ್ ಪೈಪಿನ ಸ್ಪಂಜು, ಕಟ್ಟಿಗೆಯ ಬಾಗಿಲ ಚೌಕಟ್ಟು, ಮೂಲೆಯಲ್ಲಿ ಬಿದ್ದ ಒಣ ಎಲೆ, ಇವುಗಳಿಗೆ ಇದೆ. ಟ್ಯಾಂಕಿನ ಹತ್ತಿರ ಗನ್ ಬಳಸದೆ ತಾನೇ ಅಂಟುವ ಶೀಟು ಹಾಕಲಿ. ಬೆಂಕಿ ಆರಿಸುವ ಸಿಲಿಂಡರ್ ಮತ್ತು ಎರಡು ಬಕೆಟ್ ಉಸುಕು ಮೇಲೇ ಇರಲಿ. ಗನ್ ಆಫ್ ಮಾಡಿದ ಮೇಲೂ ಒಂದು ತಾಸು ಯಾರಾದರೂ ಅಲ್ಲೇ ಇರಬೇಕು, ಒಳಗೊಳಗೇ ಹೊಗೆಯಾಡುವ ಕಿಡಿ ಕಣ್ಣಿಗೆ ಕಾಣುವುದಿಲ್ಲ.

ಮುಗಿದ ಮೇಲೆ ನೀರಿನ ಬಾಯಿ ಮುಚ್ಚಿ ನೀರು ಕಟ್ಟಿ 48 ತಾಸು ಬಿಟ್ಟು ನೋಡುತ್ತಾರೆ. ಇದನ್ನು ಪೂರ್ತಿ ಟೆರೇಸಿಗೆ ಒಮ್ಮೆಲೇ ಮಾಡಿಸಬೇಡಿ. 2 ಇಂಚು ನೀರು ಅಂದರೆ ನಿಮ್ಮ ಟೆರೇಸಿಗೆ 5 ಟನ್ ಭಾರ. ಉಸುಕಿನ ಚೀಲದ ಬದು ಹಾಕಿ ನಾಲ್ಕು ಭಾಗ ಮಾಡಿ ನೋಡಲಿ. ಹಣದ ಕೊನೆಯ ಕಂತು ಇದಾದ ಮೇಲೆ ಕೊಡಿ.

ಕಾಲ ಯಾವುದು ಅಂದರೆ, ಕೋಬಾ ಒಡೆಯುವ ಕೆಲಸ ಇದ್ದರೆ ಡಿಸೆಂಬರ್‌ನಲ್ಲೇ ಶುರು ಮಾಡಿ, ಶೀಟು ಶಿವರಾತ್ರಿಯಿಂದ ಯುಗಾದಿಯೊಳಗೆ ಮುಗಿಯಲಿ. ಏಪ್ರಿಲ್ ಕೊನೆಗೆ ಗುಡುಗಿನ ಮಳೆ ಬಂದರೆ ಒಣಗಿಸಿದ್ದೆಲ್ಲ ಮತ್ತೆ ಒದ್ದೆ. ಈಗ ಸದ್ಯಕ್ಕೆ ನೀರಿನ ಬಾಯಿ ಸ್ವಚ್ಛ ಮಾಡಿಸಿ, ದೊಡ್ಡ ತಾಡಪತ್ರಿ ತಂದು ಪ್ಯಾರಾಪೆಟ್ ಮೇಲಿಂದ ಇಳಿಜಾರಾಗಿ ಹೊದಿಸಿ, ಅಂಚಿಗೆ ಉಸುಕಿನ ಚೀಲ ಇಡಿ. ದೇವರ ಮನೆಯ ಲೈಟಿನ ಹತ್ತಿರ ಹನಿ ಬೀಳುತ್ತಿದ್ದರೆ ಆ ಲೈಟಿನ ಕನೆಕ್ಷನ್ನನ್ನು ಇವತ್ತೇ ಬಿಡಿಸಿ.

ಇನ್ನು ನಿಮ್ಮ ಮನೆಯವರ ಹಪ್ಪಳ. ಡಾಂಬರಿನ ಶೀಟಿನ ಮೇಲೆ ನೇರ ಏನನ್ನೂ ಒಣಹಾಕಬಾರದು, ಬಿಸಿಲಿಗೆ ವಾಸನೆ ಹಿಡಿಯುತ್ತದೆ. ಮಂಚದ ಕಾಲು, ಕುಟ್ಟುವ ಒರಳು ಇಟ್ಟರೆ ಶೀಟಿಗೆ ತೂತು. ದಿನಾ ಓಡಾಡುವ ಟೆರೇಸಾದರೆ ಸಾದಾ ಶೀಟು ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದೂವರೆ ಇಂಚು ಸಿಮೆಂಟನ್ನು ಚೌಕ ಚೌಕವಾಗಿ ಸಂದಿ ಬಿಟ್ಟು ಹಾಕಿ ಬಿಳಿ ಟೈಲ್ಸ್ ಕೂರಿಸಿ. ಹಪ್ಪಳಕ್ಕೂ ಸೈ, ತಂಪಿಗೂ ಸೈ. ಆದರೆ ಮುಂದೆ ಎಂದಾದರೂ ಸೋರಿದರೆ ಎಲ್ಲಿ ಅಂತ ಹುಡುಕಲು ಟೈಲ್ಸ್ ಕೀಳಬೇಕಾಗುತ್ತದೆ, ಆ ಭಾರಕ್ಕೆ ಸ್ಲ್ಯಾಬು ತಡೆಯುತ್ತದಾ ಅಂತ ಎಂಜಿನಿಯರ್ ಹತ್ತಿರ ಮೊದಲೇ ಕೇಳಬೇಕು. ಇಡೀ ಟೆರೇಸಿಗೆ ಬೇಡ ಅನಿಸಿದರೆ ತಿಳಿ ಹರಳಿನ ಶೀಟು ಹಾಕಿಸಿ, ಮೆಟ್ಟಿಲಿನ ಹತ್ತಿರದ ಒಂದು ಹತ್ತಡಿ ಚೌಕಕ್ಕೆ ಮಾತ್ರ ಟೈಲ್ಸ್ ಮಾಡಿಸಿ. ಹಿಂದಿನವರು ಮಿರಗದ ಮಳೆ ಬರುವ ಮೊದಲು ಪ್ರತಿ ವರ್ಷ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಿದ್ದರಲ್ಲ, ಅದೇ ಹೊತ್ತಿಗೆ ನೀವೂ ಒಮ್ಮೆ ಹತ್ತಿ ಪ್ಯಾರಾಪೆಟ್ ಅಂಚು ನೋಡಿ, ನೀರಿನ ಬಾಯಿಯ ಜಾಲರಿ ತೆಗೆದು ಎಲೆ ಬಾಚಿ. ದೀಪಾವಳಿ ಆದ ಮೇಲೆ ಆ ಒಂದಡಿ ಗುಂಡಿ ತೆಗೆದಾಗ ಒಳಗೆ ಏನು ಕಂಡಿತು ಅಂತ ಫೋಟೋ ಸಮೇತ ಬರೆಯಿರಿ, ಕೋಬಾ ಇರಲೋ ಹೋಗಲೋ ಅಂತ ಆಗ ಹೇಳುತ್ತೇನೆ.